ಕಮಲಾಪುರದ ಗುಡ್ಡಕ್ಕೆ ಕೆನಡಾದ ಬಣ್ಣ ಯಾಕ್ರಿ?

ಅಕ್ಟೋಬರ್ ಬಂತೆಂದರೆ ಸಾಕು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಂಪು ಕಾಡುಗಳು ಶುರುವಾಗುತ್ತವೆ. ರಸ್ತೆಯ ಎರಡೂ ಬದಿ ಬೆಂಕಿಯಂಥ ಮರ, ನೆಲದ ತುಂಬ ಕಿತ್ತಳೆ ಎಲೆ, ಮೇಲೆ ‘ಶುಭೋದಯ’. ಕಳಿಸಿದವರು ಮಹಾಗಾಂವದವರು ಇರುತ್ತಾರೆ, ಕಲಬುರಗಿ ಸ್ಟೇಷನ್ ಬಜಾರದವರು ಇರುತ್ತಾರೆ. ಕಾಡು ಮಾತ್ರ ಕೆನಡಾದ್ದೋ ಜಪಾನಿನದೋ. ಅದೇ ಹೊತ್ತಿಗೆ ಕಮಲಾಪುರದ ಗುಡ್ಡಗಳು ವರ್ಷದಲ್ಲೇ ಅತಿ ಹಸಿರಾಗಿ ನಿಂತಿರುತ್ತವೆ. ಮಳೆ ಈಗಷ್ಟೇ ಹೋಗಿದೆ, ಹೊಲದಲ್ಲಿ ತೊಗರಿ ಎದೆಮಟ್ಟ.

ಆಮೇಲೆ ಕ್ಯಾಮೆರಾ ಫೋನು ಹೊಸದಾಗಿ ಕೊಂಡ ಹುಡುಗರು ನಮಗೆ ಕೇಳುತ್ತಾರೆ: “ಸರ್, ನಮ್ಮ ಕಡೆ ಆಟಮ್ ಫೋಟೊ ಎಲ್ಲಿ ಸಿಗ್ತದ್ರಿ?” ಸಿಗುತ್ತದೆ. ಆದರೆ ಆ ತಿಂಗಳಲ್ಲಿ ಅಲ್ಲ, ಆ ಬಣ್ಣದಲ್ಲೂ ಅಲ್ಲ. ಸುದ್ದಿಗಾಗಿ ಅದೇ ರಸ್ತೆಯಲ್ಲಿ ದಿನಾ ಗಾಡಿ ಓಡಿಸುವ ನಮಗೆ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸಲು ಆಗಿಲ್ಲ. ಅದಕ್ಕೇ ಈ ಬರಹ.

ಎಲೆ ಉದುರುವ ಕಾಡು ಅಂದರೆ ಹೀಗೇ ಇರಬೇಕು ಅಂತ ನಮ್ಮ ತಲೆಯಲ್ಲಿ ಕೂತದ್ದು ಹೇಗೆ? ನಮ್ಮ ವಯಸ್ಸಿನವರಿಗೆ ಅದು ಕಂಪ್ಯೂಟರ್ ಸೆಂಟರಿನಿಂದ ಬಂತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ಆಟಮ್’ ಅಂತ ಒಂದು ವಾಲ್‌ಪೇಪರ್ ಇತ್ತು. ಎಲೆ ಬಿದ್ದ ದಾರಿ, ಪಕ್ಕದಲ್ಲಿ ಕೆಂಪು ಮರಗಳು. ಡಿಟಿಪಿ ಅಂಗಡಿ, ಸೈಬರ್ ಕೆಫೆ, ಕಾಲೇಜಿನ ಲ್ಯಾಬು, ಎಲ್ಲಿ ನೋಡಿದರೂ ಅದೇ ದಾರಿ. ಅದು ಕೆನಡಾದ ಒಂಟಾರಿಯೊ ಪ್ರಾಂತದ್ದು. ನಂತರ ಅದೇ ಚಿತ್ರ ಸ್ಟುಡಿಯೊಗಳ ಪರದೆಯಾಯಿತು. ಅದರ ಮುಂದೆ ನಿಂತು ಎಷ್ಟು ಜನ ನಿಶ್ಚಯದ ಫೋಟೊ ತೆಗೆಸಿಕೊಂಡಿಲ್ಲ! ಈಗ ಪರದೆ ಹೋಗಿ ಫಿಲ್ಟರ್ ಬಂದಿದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಗೊಂದಲ ಭಾಷೆಯದು. ಇಂಗ್ಲಿಷಿನ ಆಟಮ್ ಅನ್ನು ಶರತ್ಕಾಲ ಅಂತ ಬರೆಯುವುದು ರೂಢಿ. ಪಂಚಾಂಗ ತೆಗೆದು ನೋಡಿದರೆ ಶರದೃತು ಅಂದರೆ ಆಶ್ವೀಜ, ಕಾರ್ತೀಕ. ದಸರಾ, ದೀಪಾವಳಿಯ ಕಾಲ. ಆಗ ನಮ್ಮಲ್ಲಿ ಎಲೆ ಉದುರುವುದೇ ಇಲ್ಲ. ನಮ್ಮ ಮರ ಬೋಳಾಗುವುದು ಶಿಶಿರದಲ್ಲಿ, ಮಾಘ ಫಾಲ್ಗುಣದಲ್ಲಿ. ಇಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಎಲೆ ಬಣ್ಣ ತಿರುಗಲು ಶುರು, ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಕಾಡು ಪೂರ್ತಿ ಬೋಳು. ಈ ಎರಡು ಹಬ್ಬಗಳ ನಡುವಿನ ಎರಡೂವರೆ ಮೂರು ತಿಂಗಳೇ ನಮ್ಮ ಆಟಮ್.

ಕಾರಣವೂ ಬೇರೆ. ಚಳಿದೇಶದ ಮೇಪಲ್ ಮರ ಎಲೆ ಬಿಡುವುದು ಹಗಲು ಚಿಕ್ಕದಾಗಿ ಚಳಿ ಏರುವುದಕ್ಕೆ. ಎಲೆಯ ಹಸಿರು ಕರಗಿದಾಗ ಒಳಗೆ ಮುಂಚೆಯೇ ಇದ್ದ ಹಳದಿ ಹೊರಗೆ ಕಾಣುತ್ತದೆ, ಅದರ ಮೇಲೆ ಮರ ಹೊಸದಾಗಿ ಕೆಂಪು ಬಣ್ಣವನ್ನೂ ತಯಾರಿಸುತ್ತದೆ. ನಮ್ಮ ತೇಗ, ಮುತ್ತಲ, ದಿಂಡಿಗ ಎಲೆ ಬಿಡುವುದು ನೀರಿನ ಸಲುವಾಗಿ. ನೆಲದ ಪಸೆ ಕಡಿಮೆಯಾಯಿತು, ಎಲೆ ಇಟ್ಟುಕೊಂಡರೆ ಇದ್ದ ನೀರೂ ಆವಿಯಾಗಿ ಹೋಗುತ್ತದೆ, ಆದ್ದರಿಂದ ಕೆಡವಿಬಿಡು. ಹೀಗಾಗಿ ಇಲ್ಲಿ ಬೀಳುವ ಎಲೆ ಹೆಚ್ಚಾಗಿ ಕಂದು, ಮಾಸಿದ ಹಳದಿ. ದಿಂಡಿಗದ್ದು ಮಾತ್ರ ತಾಮ್ರದ ಬಣ್ಣ. ನಮ್ಮಲ್ಲಿ ಕೆಂಪು ನೋಡಬೇಕೆಂದರೆ ಹುಟ್ಟುವ ಎಲೆ ನೋಡಬೇಕು. ಯುಗಾದಿ ಮುಂದೆ ಅರಳಿಮರ, ಬೇವು, ಮಾವು ಚಿಗುರುವಾಗ ಗಮನಿಸಿ, ಎಳೆಯ ಎಲೆ ಕೆಂಪಗಿರುತ್ತದೆ. ಅವರ ಮುಪ್ಪಿನ ಬಣ್ಣ ನಮ್ಮಲ್ಲಿ ಕೂಸಿನ ಬಣ್ಣ.

ಒಮ್ಮೊಮ್ಮೆ ಸೆಪ್ಟೆಂಬರ್ ಅಕ್ಟೋಬರಿನಲ್ಲೇ ತೇಗದ ತೋಪು ಕಂದಾಗಿ ಕಂಡು, “ಈ ಸಲ ಲಗೂನೇ ಬಂತು” ಅಂತ ಹುಡುಗರು ಓಡುತ್ತಾರೆ. ಹತ್ತಿರ ಹೋಗಿ ಎಲೆ ಹಿಡಿದು ನೋಡಿದರೆ ನರ ಮಾತ್ರ ಉಳಿದು ಜಾಳಿಗೆ ಆಗಿರುತ್ತದೆ. ಅದು ಋತುವಲ್ಲ, ಹುಳು ತಿಂದದ್ದು. ಫೋಟೊಗೆ ಆ ಎಲೆ ಚೆಂದವೇ, ಹೆಸರು ಸರಿಯಾಗಿ ಬರೆದರೆ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಮೊದಲು ಕಪ್ಪು ನೆಲ. ಜನವರಿಯಲ್ಲಿ ತೊಗರಿ ಕೊಯ್ದ ಕೂಳೆ, ತೆನೆಗೆ ಬಂದ ಬಿಳಿಜೋಳ, ಅಲ್ಲಲ್ಲಿ ಕುಸುಬಿಯ ಕಿತ್ತಳೆ ಹೂ. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ ಹತ್ತಿರವಾಗುತ್ತಿದ್ದಂತೆ ನೆಲ ಕೆಂಪಾಗುತ್ತದೆ, ದಾರಿ ಏರಿಳಿಯುತ್ತದೆ. ಭೌಗೋಳಿಕ ಗುರುತು ಸಿಕ್ಕ ಕೆಂಪು ಬಾಳೆ ಬೆಳೆಯುವುದು ಇದೇ ಮಣ್ಣಿನಲ್ಲಿ. ಊರಾಚೆಯ ಗುಡ್ಡಗಳ ಮೇಲೆ ಕುರುಚಲು ಕಾಡು, ನಡುನಡುವೆ ಮುತ್ತಲ. ಇಲ್ಲಿಂದ ಪೂರ್ವಕ್ಕೆ ಚಿಂಚೋಳಿ ಕಡೆ ಹೋದರೆ ದೊಡ್ಡ ಕಾಡು ಸಿಗುತ್ತದೆ. ಕೊಂಚಾವರಂ, ಚಂದ್ರಂಪಳ್ಳಿ ಕಡೆಯ ಆ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 135 ಚದರ ಕಿಲೋಮೀಟರ್. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಿ. ಕಲಿಯುವುದಕ್ಕಂತೂ ಕಮಲಾಪುರದ ಗುಡ್ಡ ಸಾಕು. ಗಾಡಿಯಲ್ಲಿ ಬೆಳಗ್ಗೆ ಹೋಗಿ ಹತ್ತು ಗಂಟೆಗೆ ಕಲಬುರಗಿಗೆ ವಾಪಸ್ ಬರಬಹುದು.

ಬೋಳು ಕಾಡಿನ ಫೋಟೊ ತೆಗೆಯುವುದು ಹಸಿರು ಕಾಡಿನದಕ್ಕಿಂತ ಕಷ್ಟ. ಎಲ್ಲ ಮರಗಳ ರೆಂಬೆಗಳೂ ಒಂದರೊಳಗೊಂದು ಸಿಕ್ಕಿಕೊಂಡು ಫೋನಿನ ಪರದೆ ಮೇಲೆ ಬರೀ ಗೀಚು ಕಾಣುತ್ತದೆ. ಮೇಲೆ ಆಕಾಶ ಬೂದು ಬಿಳಿ. ನಮ್ಮ ಮೊದಲ ಸಲಹೆ, ಆಕಾಶವನ್ನು ಬಿಟ್ಟುಬಿಡಿ. ಒಂದು ಗುಡ್ಡ ಹತ್ತಿ ಎದುರಿನ ಗುಡ್ಡದ ಮೈಯನ್ನಷ್ಟೇ ಚೌಕಟ್ಟಿನಲ್ಲಿ ತುಂಬಿಸಿ. ಆಗ ಗೀಚು ಹೋಗಿ ಮರದ ಬೊಡ್ಡೆಗಳು ಸಾಲಾಗಿ ಕಾಣತೊಡಗುತ್ತವೆ. ಫೆಬ್ರುವರಿಯಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರು ಮುಕ್ಕಾಲಿಗೆ. ಎಂಟೂವರೆಗೆ ಬೆಳಕು ಕೆಟ್ಟಿತೆಂದೇ ತಿಳಿಯಿರಿ. ಈ ಒಂದೂಮುಕ್ಕಾಲು ಗಂಟೆಯಲ್ಲಿ ಬಿಸಿಲು ಅಡ್ಡಡ್ಡ ಬೀಳುತ್ತದೆ. ಎಲೆ ಇಲ್ಲದ ಮರದ ನೆರಳು ಉದ್ದಕ್ಕೆ ನೆಲದ ಮೇಲೆ ಮಲಗುತ್ತದೆ. ಎಷ್ಟೋ ಸಲ ಮರಕ್ಕಿಂತ ಆ ನೆರಳೇ ಒಳ್ಳೆಯ ಚಿತ್ರ.

ಇನ್ನೂ ಬೀಳದೆ ತೂಗುತ್ತಿರುವ ತೇಗದ ಎಲೆ ಸಿಕ್ಕರೆ ಅದರ ಈ ಕಡೆ ನಿಂತು ಸೂರ್ಯನ ಕಡೆಗೆ ಫೋನು ಹಿಡಿಯಿರಿ, ಆದರೆ ಸೂರ್ಯನನ್ನು ಬೊಡ್ಡೆಯ ಹಿಂದೆ ಮುಚ್ಚಿ. ಹಪ್ಪಳದಂಥ ಎಲೆ ದೀಪದಂತೆ ಹೊತ್ತಿಕೊಳ್ಳುತ್ತದೆ. ಯಾವ ಫಿಲ್ಟರೂ ಕೊಡದ ಬಣ್ಣ ಅದು.

ಮುತ್ತಲ ಹೂ ಬಿಡುವುದು ಎಲೆ ಉದುರಿದ ಮೇಲೆ. ಬೂದು ಗುಡ್ಡದ ನಡುವೆ ಒಂದೇ ಮರ ಕೆಂಡದಂತೆ. ನಮ್ಮ ಹಿರಿಯರು ಇದೇ ಹೂ ಕುದಿಸಿ ಹೋಳಿಯ ಬಣ್ಣ ಮಾಡುತ್ತಿದ್ದರು, ಇದೇ ಎಲೆಯಲ್ಲಿ ಪತ್ರಾವಳಿ ಹಚ್ಚುತ್ತಿದ್ದರು. ಹುಡುಗರು ಮಾಡುವುದೇನೆಂದರೆ ಹತ್ತಿರ ಹೋಗಿ ಹೂವಿನಿಂದಲೇ ಪರದೆ ತುಂಬಿಸುತ್ತಾರೆ. ಆಗ ಅದು ಹೂವಿನ ಫೋಟೊ ಆಗುತ್ತದೆ, ಕಾಡಿನದಲ್ಲ. ಹಿಂದೆ ಸರಿಯಿರಿ. ಚೌಕಟ್ಟಿನ ಹತ್ತರಲ್ಲಿ ಒಂದು ಪಾಲು ಹೂ, ಉಳಿದದ್ದು ಬೂದು ಇದ್ದರೆ ಆ ಬೂದು ಬಣ್ಣವೇ ಹೂವನ್ನು ಎತ್ತಿ ಹಿಡಿಯುತ್ತದೆ. ಕ್ಲಿಕ್ ಮಾಡುವ ಮುಂಚೆ ಹೂವಿನ ಮೇಲೆ ಬೆರಳು ಒತ್ತಿ ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕಿತ್ತಳೆ ಕೆಂಪು ಬಣ್ಣ ಫೋನಿನ ಕ್ಯಾಮೆರಾಕ್ಕೆ ಬಹಳ ಬೇಗ ಜಾಸ್ತಿಯಾಗಿ, ಎಸಳು ಎಲ್ಲ ಕೂಡಿ ಒಂದು ಮುದ್ದೆಯಾಗಿಬಿಡುತ್ತದೆ. ಒಮ್ಮೆ ಮುದ್ದೆಯಾದದ್ದನ್ನು ಎಡಿಟಿಂಗಿನಲ್ಲಿ ಬಿಡಿಸಲಾಗದು.

ದಾರಿಯನ್ನೂ ಬಿಡಬೇಡಿ. ಆಡು ನಡೆದು ಬಿದ್ದ ಕಾಲುದಾರಿ, ಕಲ್ಲಿನ ಒಡ್ಡು, ತಲೆ ಮೇಲೆ ಹೊರೆ ಇಟ್ಟುಕೊಂಡು ಹೋಗುವವರು. ಮನುಷ್ಯರ ಗುರುತೇ ಇಲ್ಲದ ಕಾಡಿನ ಫೋಟೊ ಬೇಕೆಂದು ಫೋಟೊ ಸ್ಪರ್ಧೆಯವರು ಕೇಳಬಹುದು. ನಮ್ಮ ಗುಡ್ಡಗಳಲ್ಲಿ ಮನುಷ್ಯರನ್ನು ತೆಗೆದರೆ ಅರ್ಧ ಕಥೆ ಹೋಯಿತು ಅಂತ ನಮ್ಮ ಅಭಿಪ್ರಾಯ. ಮುಖ ಕಾಣುವಂತೆ ತೆಗೆಯುವುದಿದ್ದರೆ ಕೇಳಿ ತೆಗೆಯಿರಿ.

ಇನ್ನು ಫೋನಿನ ಜಾಣತನದ ಮಾತು. ಈಗಿನ ಫೋನುಗಳಲ್ಲಿ ದೃಶ್ಯ ಗುರುತಿಸಿ ತಾನೇ ಬಣ್ಣ ಏರಿಸುವ ವ್ಯವಸ್ಥೆ ಇರುತ್ತದೆ. ಎಐ ಅಂತಲೋ ಸೀನ್ ಅಂತಲೋ ಬರೆದಿರುತ್ತದೆ. ಗಿಡ ಕಂಡರೆ ಹಸಿರು ಮಾಡುತ್ತದೆ, ಆಕಾಶ ಕಂಡರೆ ನೀಲಿ. ಶಿಶಿರದ ಕಾಡಿಗೆ ಇದು ದೊಡ್ಡ ಕಾಟ. ಅದನ್ನು ಆಫ್ ಮಾಡಿ. ಎರಡನೆಯ ಕಾಟ ವೈಟ್ ಬ್ಯಾಲೆನ್ಸ್. ಕಮಲಾಪುರದ ಕೆಂಪು ಮಣ್ಣು ಚೌಕಟ್ಟಿನ ತುಂಬ ಬಂದರೆ ಫೋನು ಅದನ್ನು ಬೆಳಕಿನ ದೋಷ ಅಂದುಕೊಂಡು ನೀಲಿ ಸೇರಿಸುತ್ತದೆ. ಮಣ್ಣು ಸಿಮೆಂಟಿನಂತೆ ಕಾಣುತ್ತದೆ. ಸರಿಪಡಿಸಲು ಚಿತ್ರದಲ್ಲೇ ಬಣ್ಣವಿಲ್ಲದ ಒಂದು ವಸ್ತು ಹುಡುಕಬೇಕು. ದಿಂಡಿಗದ ಬೂದು ಬಿಳಿ ಬೊಡ್ಡೆ, ಕರಿಕಲ್ಲು, ಸುಣ್ಣ ಹಚ್ಚಿದ ಗುಡಿ. ನಮಗೆ ಎಲ್ಲಕ್ಕಿಂತ ನಂಬಿಕೆಯದು ಕುರಿ ಕಾಯುವವರ ಬಿಳಿ ರುಮಾಲು. ಸ್ನ್ಯಾಪ್‌ಸೀಡ್‌ನಲ್ಲಿ ವೈಟ್ ಬ್ಯಾಲೆನ್ಸ್ ತೆಗೆದು ಆ ರುಮಾಲು ರುಮಾಲಿನಂತೆ ಕಾಣುವ ತನಕ ಸರಿಸಿ. ಮುಂಜಾನೆಯ ಬಿಸಿಲಿನ ಒಂದಿಷ್ಟು ಹಳದಿ ಅದರ ಮೇಲೆ ಉಳಿಯಲಿ, ತೊಳೆದ ಅಂಗಿಯಷ್ಟು ಬೆಳ್ಳಗೆ ಮಾಡಬೇಡಿ.

ಎಡಿಟಿಂಗಿನ ಅಸಲಿ ಜಗಳ ಇರುವುದು ಕಿತ್ತಳೆ ಬಣ್ಣದಲ್ಲಿ. ಲೈಟ್‌ರೂಮ್‌ನಂಥ ಆ್ಯಪ್‌ನಲ್ಲಿ ಒಂದೊಂದು ಬಣ್ಣವನ್ನು ಬೇರೆಬೇರೆಯಾಗಿ ತಿರುಗಿಸಬಹುದು. ಒಣ ತೇಗದ ಎಲೆಯನ್ನು ಮೇಪಲ್ ಮಾಡಬೇಕೆಂದು ಕಿತ್ತಳೆಯನ್ನು ಕೆಂಪಿನ ಕಡೆ ಎಳೆದಿರೋ, ಅದರ ಜೊತೆಗೆ ಮಣ್ಣೂ ಹೋಗುತ್ತದೆ, ದಾರಿಯೂ ಹೋಗುತ್ತದೆ, ದಾರಿ ಮೇಲೆ ನಡೆಯುವವರ ಮೈಬಣ್ಣವೂ ಹೋಗುತ್ತದೆ. ಯಾಕೆಂದರೆ ನಮ್ಮ ಎಲೆ, ನಮ್ಮ ಮಣ್ಣು, ನಮ್ಮ ಚರ್ಮ ಮೂರೂ ಆ್ಯಪಿನ ಲೆಕ್ಕದಲ್ಲಿ ಒಂದೇ ಗುಂಪು. ಕೆನಡಾದ ಡಾಂಬರು ರಸ್ತೆ ಬೂದಿಯಾದ್ದರಿಂದ ಅಲ್ಲಿ ಈ ತೊಂದರೆ ಇಲ್ಲ. ಇಲ್ಲಿ ಎಲೆಯೊಂದನ್ನೇ ಬದಲಿಸುತ್ತೇನೆ ಅಂದರೆ ನಡೆಯದು, ಇಡೀ ಊರು ಬದಲಾಗುತ್ತದೆ. ನಾವು ಕಿತ್ತಳೆಯನ್ನು ಮುಟ್ಟುವುದಿಲ್ಲ. ಬೇಕಾದರೆ ಒಟ್ಟು ಚಿತ್ರದ ಕಾಂಟ್ರಾಸ್ಟ್ ತುಸು ಏರಿಸಿ, ನೆರಳನ್ನು ತುಸು ತೆರೆದು, ಅಲ್ಲಿಗೆ ನಿಲ್ಲಿಸುತ್ತೇವೆ. ದೂರದ ಗುಡ್ಡದ ಮಂಜು, ಧೂಳು ತೆಗೆಯುವ ಆಸೆಯೂ ಬಹಳ ಜನರಿಗೆ ಇರುತ್ತದೆ. ತೆಗೆಯಬೇಡಿ. ಒಂದರ ಹಿಂದೊಂದು ಗುಡ್ಡ ಮಸುಕಾಗುತ್ತ ಹೋಗುವುದರಿಂದಲೇ ನೋಡುವವರಿಗೆ ದೂರ ಗೊತ್ತಾಗುವುದು.

ಬಣ್ಣವೇ ಬೇಡ ಅನ್ನಿಸಿದರೆ ಅದಕ್ಕೂ ದಾರಿ ಇದೆ. ನಮ್ಮ ಕಲ್ಯಾಣ ಕರ್ನಾಟಕದವರೇ, ಸಂಡೂರಿನ ಎಂ.ವೈ. ಘೋರ್ಪಡೆ, 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಾಡಿನ ಕಪ್ಪು ಬಿಳುಪು ಫೋಟೊಗಳಿಗೆ ಹೆಸರಾಗಿದ್ದರು. ಅವರ ಪುಸ್ತಕದ ಹೆಸರೇ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’, ಬಿಸಿಲು ಮತ್ತು ನೆರಳು. ಬೋಳು ಮರ, ಉದ್ದ ನೆರಳು, ಧೂಳಿನ ಬೆಳಕು ಕಪ್ಪು ಬಿಳುಪಿಗೆ ಹೇಳಿ ಮಾಡಿಸಿದಂತಿರುತ್ತವೆ. ಮುತ್ತಲ ಇರುವ ಫೋಟೊ ಮಾತ್ರ ಹಾಗೆ ಮಾಡಬೇಡಿ, ಅದರ ಜೀವವೇ ಬಣ್ಣ.

ಇಷ್ಟೆಲ್ಲ ಬರೀ ಚೆಂದದ ಮಾತಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಮದುವೆಗೆ ಮುಂಚಿನ ಫೋಟೊ ತೆಗೆಯುವ ತಂಡವೊಂದು ಕಮಲಾಪುರ ಕಡೆಯ ಗುಡ್ಡದಲ್ಲಿ ಶೂಟಿಂಗ್ ಮಾಡಿ, ಇಡೀ ಗುಡ್ಡವನ್ನು ಕೆಂಡ ಮಾಡಿ ಗುಂಪುಗಳಿಗೆ ಬಿಟ್ಟಿತ್ತು. ಅದೇ ಗುಡ್ಡದಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರಿಗೆ ಚಹಾದಂಗಡಿಯಲ್ಲಿ ಅದನ್ನು ತೋರಿಸಿದೆವು. ಅವರು ಫೋನು ಕೈಗೆ ತಗೊಂಡು ಎದ್ದೇ ನಿಂತರು. “ಯಾವಾಗ ಹತ್ಯಾದ್ರಿ ಬೆಂಕಿ? ಬೆಳಿಗ್ಗೆ ನಾ ಅಲ್ಲೇ ಇದ್ದೆನಲ್ಲ!” ಬೆಂಕಿ ಅಲ್ಲ, ಬಣ್ಣ ಹಚ್ಚಿದ್ದಾರೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಅವರು ನಗಲಿಲ್ಲ. ಫೆಬ್ರುವರಿಯಲ್ಲಿ ಗುಡ್ಡದ ತುಂಬ ಒಣ ಎಲೆ ಬಿದ್ದಿರುತ್ತದೆ, ಒಂದು ಬೀಡಿ ತುಂಡು ಸಾಕು. ಆ ಕಾಲದಲ್ಲಿ ಕೆಂಪು ಗುಡ್ಡ ಅಂದರೆ ಅವರಿಗೆ ಒಂದೇ ಅರ್ಥ.

ಇದರ ತಿರುಗುಮುರುಗು ಕಥೆ ನಮ್ಮದೇ ವೃತ್ತಿಯಲ್ಲಿ ಇದೆ. ಒಂದು ಫೆಬ್ರುವರಿಯಲ್ಲಿ ಬೋಳು ಕಾಡಿನ ಫೋಟೊ ಒಂದನ್ನು ಪತ್ರಿಕೆಯೊಂದಕ್ಕೆ ಕಳಿಸಿದೆವು. ‘ಶಿಶಿರದ ಕಾಡು, ಎಲೆ ಉದುರಿಸಿದ ತೇಗ’ ಅಂತ ಸ್ಪಷ್ಟವಾಗಿ ಬರೆದಿದ್ದೆವು. ಡೆಸ್ಕಿನವರು ಅದನ್ನು ‘ಬರಕ್ಕೆ ಒಣಗಿದ ಕಾಡು’ ಅಂತ ಬರಗಾಲದ ವರದಿಗೆ ಅಂಟಿಸಿದರು. ಫೋನ್ ಮಾಡಿ ಕೇಳಿದರೆ, “ಒಣಗಿದಂಗೇ ಐತಲ್ಲ, ಯಾರಿಗೆ ಗೊತ್ತಾಗುತ್ತೆ?” ಎಂಬ ಉತ್ತರ. ಊರಿನವರಿಗೆ ಗೊತ್ತಾಗುತ್ತದೆ. ಮರುದಿನ ಅದೇ ಊರಿನವರು ನಮಗೇ ಕೇಳಿದರು, “ಏನ್ರೀ, ಪ್ರತಿವರ್ಷ ಉದುರೋ ಎಲಿಗೆ ಬರ ಅಂತೀರಲ್ಲ?” ತಿದ್ದುಪಡಿ ಹಾಕಲು ಕೇಳಿದೆವು, ಹಾಕಲಿಲ್ಲ. ಒಂದು ಫೋಟೊಗೆ ಬರುವ ದುಡ್ಡಿನಲ್ಲಿ ಪೆಟ್ರೋಲು ಹೊರಡುವುದೇ ಕಷ್ಟ, ಅದರ ಮೇಲೆ ಊರಲ್ಲಿ ಮಾತು ಬೇರೆ.

ಇದು ಸಣ್ಣ ವಿಷಯವೆನ್ನುವವರಿಗೆ ನಮ್ಮ ಉತ್ತರ ಹೊಲದಲ್ಲಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಆ ವರ್ಷದ ಬರ ಕಾಣಬೇಕಿದ್ದದ್ದು ಹೊಲದಲ್ಲಿ, ಮಳೆಗಾಲದಲ್ಲೇ, ಕಾಡು ಎಲೆ ಬಿಡುವುದಕ್ಕೆ ಎಷ್ಟೋ ಮುಂಚೆ. ಹಾಗೆಯೇ 2022ರ ಕೊನೆಗೆ ತೊಗರಿಗೆ ನೆಟೆ ರೋಗ ಬಿದ್ದಾಗ ನಾವು ಹೊಲ ಹೊಲ ಸುತ್ತಿದ್ದೆವು. ತೊಗರಿ ಮಾಗಿದಾಗಲೂ ಎಲೆ ಉದುರಿಸುತ್ತದೆ. ನೆಟೆ ಬಿದ್ದಾಗ ಕಾಯಿ ತುಂಬುವ ಮುಂಚೆಯೇ ಗಿಡಕ್ಕೆ ಗಿಡ ನಿಂತಲ್ಲೇ ಒಣಗುತ್ತದೆ. ದೂರದಿಂದ ತೆಗೆದು ಹಳದಿ ಏರಿಸಿದ ಫೋಟೊದಲ್ಲಿ ಈ ಎರಡೂ ಒಂದೇ ಥರ ಕಾಣುತ್ತವೆ. ಬೆಳೆ ಸಮೀಕ್ಷೆಯ ಆ್ಯಪಿಗೆ ರೈತರೇ ಫೋಟೊ ಹಾಕುವ ಕಾಲ ಇದು. ಎಲೆ ಉದುರಿದ್ದಕ್ಕೆಲ್ಲ ಬರ ಅನ್ನುವ ಚಿತ್ರ ನಾಲ್ಕು ಬಂದರೆ, ಐದನೆಯದಾಗಿ ನಿಜವಾಗಿ ಒಣಗಿದ ಹೊಲದ ಚಿತ್ರ ಬಂದಾಗ ಕಚೇರಿಯಲ್ಲಿ ಕೂತವರು ಅದನ್ನೂ ನಂಬುವುದಿಲ್ಲ. ಬೋಳಾಗಿ ನಿಂತ ಕಾಡನ್ನು ಬರಡು ಅಂತ ಕರೆಯುವುದೂ ಹಾಗೆಯೇ. ಮೂರು ತಿಂಗಳು ತಡೆದರೆ ಅದೇ ತೇಗ ಹೊಸ ಎಲೆ ಬಿಡುತ್ತದೆ. ಆ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೈ ಕೆಂಪಾಗುತ್ತದೆ. ಕಾಡು ಸತ್ತಿದೆ ಅನ್ನುವವರಿಗೆ ಒಮ್ಮೆ ಉಜ್ಜಿಸಿ ತೋರಿಸಬೇಕು.

ಆ ಘಟನೆಯ ಮೇಲೆ ನಾವು ಕೆಲವು ಕ್ರಮ ಮಾಡಿಕೊಂಡೆವು. ಮೂಲ ಫೋಟೊವನ್ನು ಎಂದೂ ಅಳಿಸುವುದಿಲ್ಲ. ಎಡಿಟ್ ಮಾಡುವುದು ಅದರ ಪ್ರತಿಯ ಮೇಲೆ. ಡೆಸ್ಕಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸುತ್ತೇವೆ. ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನ ಸಮಯದ ದಾಖಲೆಯೂ ಅಳಿಸಿಹೋಗುತ್ತದೆ. ಶೀರ್ಷಿಕೆಯಲ್ಲಿ ತಿಂಗಳು, ಊರು, ಮರದ ಹೆಸರು ಮೂರೂ ಇರಲೇಬೇಕು. ಪತ್ರಿಕೆಗೆ ಹೋಗುವ ಚಿತ್ರವಾದರೆ ನೆರಳನ್ನು ಇನ್ನೂ ಸ್ವಲ್ಪ ತೆರೆಯುತ್ತೇವೆ; ಪತ್ರಿಕೆಯ ಕಾಗದ ಶಾಯಿ ಹೀರಿ ಕಪ್ಪನ್ನು ಇನ್ನಷ್ಟು ಕಪ್ಪು ಮಾಡುತ್ತದೆ, ಫೋನಿನಲ್ಲಿ ಕಂಡ ಬೊಡ್ಡೆ ಅಚ್ಚಿನಲ್ಲಿ ಮಸಿಯಾಗುತ್ತದೆ.

ಆ ಕುರಿ ಕಾಯುವ ಹಿರಿಯರಿಗೆ ನಾವು ತೆಗೆದದ್ದನ್ನೂ ತೋರಿಸಿದ್ದೆವು. ಎದುರು ಗುಡ್ಡದ ಮೈ, ಬೂದು ಬೊಡ್ಡೆಗಳು, ಮೂಲೆಯಲ್ಲಿ ಒಂದೇ ಮುತ್ತಲ, ಕೆಳಗೆ ಕಾಲುದಾರಿ. ಅವರು ಬಹಳ ಹೊತ್ತು ನೋಡಿ ದಾರಿಯ ತಿರುವಿನ ಮೇಲೆ ಬೆರಳಿಟ್ಟು, “ಇಲ್ಲೇ ಬಲಕ್ಕ ಒಂದು ಒರತಿ ಅದ, ಅದು ಬಿಟ್ಟೀರಿ ನೋಡ್ರಿ” ಅಂದರು. ಈ ಸಲದ ಮಾಘದಲ್ಲಿ ಅವರೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದಿದ್ದಾರೆ. ಬೆಳಗ್ಗೆ ಐದೂವರೆಗೆ ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆಯಿಂದ ಹೊರಡುತ್ತೇವೆ. ಬರುವವರು ನೀರು ತನ್ನಿ, ಫೋನು ಪೂರ್ತಿ ಚಾರ್ಜ್ ಮಾಡಿ ತನ್ನಿ. ಬೀಡಿ, ಕಡ್ಡಿಪೆಟ್ಟಿಗೆ ಮನೆಯಲ್ಲೇ ಇರಲಿ.